ವಿಂಡೋಸ್ 11 ತೆಗೆದು ವಿಂಡೋಸ್ 10 ಹಾಕುವುದು: ಅಳಿಸೋಕೆ ಮುಂಚೆ ಮಾಡಬೇಕಾದ್ದೇ ಜಾಸ್ತಿ

"ಡ್ರೈವ್ ಪೂರ್ತಿ ಅಳಿಸಿಬಿಟ್ಟೆ. ಈಗ ವೈಫೈ ಇಲ್ಲ, ಟಚ್‌ಪ್ಯಾಡ್ ಆಡ್ತಿಲ್ಲ. ಏನು ಮಾಡಲಿ?" ಹೊಸ ಲ್ಯಾಪ್‌ಟಾಪ್‌ನಲ್ಲಿ ಬಂದ ವಿಂಡೋಸ್ 11 ತೆಗೆದು 10 ಹಾಕಲು ಹೋದವರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಇದನ್ನೇ. ಇಲ್ಲವಾದರೆ "ಇನ್‌ಸ್ಟಾಲ್ ಮಾಡುವಾಗ ಹಾರ್ಡ್ ಡಿಸ್ಕೇ ಕಾಣಿಸ್ತಿಲ್ಲ" ಅಂತ. ಎರಡೂ ತೊಂದರೆಗೆ ಕಾರಣ ಒಂದೇ. ಕೊನೆಗೆ ಮಾಡಬೇಕಾದ ಕೆಲಸವನ್ನು ಮೊದಲೇ ಮಾಡಿರುತ್ತಾರೆ.

ಓಎಸ್ (ಆಪರೇಟಿಂಗ್ ಸಿಸ್ಟಮ್, ಇಲ್ಲಿ ವಿಂಡೋಸ್) ಹಾಕುವುದು ಅರ್ಧ ಗಂಟೆಯ ಕೆಲಸ. ಅದಕ್ಕೆ ಮುಂಚಿನ ತಯಾರಿಗೆ ಒಂದು ಸಂಜೆ ಬೇಕು. ಕೆಳಗಿನ ಹಂತಗಳನ್ನು ಇರುವ ಕ್ರಮದಲ್ಲೇ ಮಾಡಿ. 4ನೇ ಹಂತ ಮುಗಿಯುವ ತನಕ ಏನನ್ನೂ ಅಳಿಸಬೇಡಿ.

ಹಂತ 1: ನಿಮ್ಮ ಲ್ಯಾಪ್‌ಟಾಪ್‌ಗೆ ವಿಂಡೋಸ್ 10 ಹೊಂದುತ್ತಾ?

ಲ್ಯಾಪ್‌ಟಾಪ್‌ನ ಅಡಿಯಲ್ಲಿರುವ ಸೀರಿಯಲ್ ನಂಬರ್ ಅಥವಾ ಸರ್ವಿಸ್ ಟ್ಯಾಗ್ ನೋಡಿಕೊಳ್ಳಿ. ತಯಾರಕರ ಸಪೋರ್ಟ್ ಪುಟದಲ್ಲಿ ಅದನ್ನು ಹಾಕಿ ಡ್ರೈವರ್‌ಗಳ (ಯಂತ್ರದ ಒಂದೊಂದು ಭಾಗವನ್ನು ನಡೆಸಲು ವಿಂಡೋಸ್‌ಗೆ ಬೇಕಾದ ಸಣ್ಣ ಸಾಫ್ಟ್‌ವೇರ್) ಪಟ್ಟಿ ತೆರೆಯಿರಿ. ಅಲ್ಲಿ ಓಎಸ್ ಆರಿಸುವ ಜಾಗದಲ್ಲಿ "ವಿಂಡೋಸ್ 10, 64 ಬಿಟ್" ಇದೆಯಾ ನೋಡಿ. ಇದ್ದರೆ ಅರ್ಧ ತಲೆನೋವು ಕಳೆದಂತೆ.

ಇಲ್ಲದಿದ್ದರೆ ಆಗುವುದೇ ಇಲ್ಲ ಅಂತಲ್ಲ. ವಿಂಡೋಸ್ 11ಕ್ಕೆ ಕೊಟ್ಟ ಡ್ರೈವರ್‌ಗಳಲ್ಲಿ ಎಷ್ಟೋ 10ರಲ್ಲೂ ನಡೆಯುತ್ತವೆ. ಆದರೆ ಕ್ಯಾಮೆರಾ, ಫಿಂಗರ್‌ಪ್ರಿಂಟ್, ಸ್ಪೀಕರ್, ಹಾಟ್‌ಕೀ (ಬೆಳಕು, ಸದ್ದು ಬದಲಿಸುವಂಥ ಕೀಗಳು), ಇವುಗಳಲ್ಲಿ ಯಾವುದಾದರೂ ಒಂದು ಕೈಕೊಡುವ ಸಾಧ್ಯತೆ ಇದೆ. ಅದಕ್ಕೆ ಒಪ್ಪಿಗೆ ಇದ್ದರೆ ಮಾತ್ರ ಮುಂದುವರಿಯಿರಿ.

ಕೆಲವು ಯಂತ್ರಗಳಲ್ಲಿ ಇಲ್ಲೇ ನಿಲ್ಲಿಸಬೇಕು. ಸ್ನಾಪ್‌ಡ್ರಾಗನ್ ಎಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್‌ಗಳಿಗೆ ವಿಂಡೋಸ್ 10 ಹಾಕುವ ಯೋಚನೆಯೇ ಬೇಡ. ಇಂಟೆಲ್‌ನ 12ನೇ ತಲೆಮಾರು ಮತ್ತು ಅದರ ನಂತರದ ಚಿಪ್‌ಗಳಲ್ಲಿ ಹಲವಕ್ಕೆ ಎರಡು ಬಗೆಯ ಕೋರ್‌ಗಳಿವೆ. ಯಾವ ಕೆಲಸವನ್ನು ಯಾವ ಕೋರ್‌ಗೆ ಕೊಡಬೇಕು ಅನ್ನುವುದು ವಿಂಡೋಸ್ 11ಕ್ಕೆ ಚೆನ್ನಾಗಿ ಗೊತ್ತು, 10ಕ್ಕೆ ಅಷ್ಟಾಗಿ ಗೊತ್ತಿಲ್ಲ. ಕೆಲಸ ನಡೆಯುತ್ತದೆ, ಆದರೆ ವೇಗ ಜಾಸ್ತಿಯಾಗಲಿ ಅಂತ 10ಕ್ಕೆ ಹೋಗುವುದಾದರೆ ಅಲ್ಲಿ ನಿರಾಸೆಯೇ. ವೈಫೈ 6ಇ ಕಾರ್ಡ್ ಇದ್ದರೂ 6 ಗಿಗಾಹರ್ಟ್ಸ್ ಬ್ಯಾಂಡ್ ವಿಂಡೋಸ್ 10ರಲ್ಲಿ ಸಿಗುವುದಿಲ್ಲ.

ಇನ್ನು ವಿಂಡೋಸ್ 7 ಹಾಕಬಹುದಾ ಅಂತ ಕೇಳುವವರಿಗೆ: ಹೊಸ ಲ್ಯಾಪ್‌ಟಾಪ್‌ಗೆ ಬೇಡ. ಅದರ ಇನ್‌ಸ್ಟಾಲರ್‌ಗೆ ಯುಎಸ್‌ಬಿ 3 ಗೊತ್ತಿಲ್ಲ, ಎನ್‌ವಿಎಂಇ ಎಸ್‌ಎಸ್‌ಡಿ (ಈಗಿನ ವೇಗದ ಡಿಸ್ಕ್) ಗೊತ್ತಿಲ್ಲ. ಅದಕ್ಕೆ ಬೇಕಾದ ಲೆಗಸಿ ಬೂಟ್ (ಯಂತ್ರ ಶುರುವಾಗುವ ಹಳೆಯ ವಿಧಾನ) ವ್ಯವಸ್ಥೆ ಈಗಿನ ಬಯೋಸ್‌ಗಳಲ್ಲಿ (ವಿಂಡೋಸ್‌ಗೂ ಮೊದಲು ಓಡುವ, ಲ್ಯಾಪ್‌ಟಾಪ್‌ನ ಒಳಗಿನ ಸಾಫ್ಟ್‌ವೇರ್) ಸಾಮಾನ್ಯವಾಗಿ ಇರುವುದೇ ಇಲ್ಲ.

ಒಂದು ತಾರೀಖು ತಲೆಯಲ್ಲಿರಲಿ. ವಿಂಡೋಸ್ 10ರ ಉಚಿತ ಭದ್ರತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತಿವೆ. ಇಎಸ್‌ಯು ಎಂಬ ವಿಸ್ತರಣೆಗೆ ಸೇರಿಕೊಂಡ ಸಾಮಾನ್ಯ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಸಿಗುತ್ತವೆ. ಟಾಸ್ಕ್‌ಬಾರ್ ಇಷ್ಟವಾಗಲಿಲ್ಲ ಅನ್ನುವುದಷ್ಟೇ ಕಾರಣವಾದರೆ, ನಾನಾಗಿದ್ದರೆ ಇಷ್ಟು ಕಷ್ಟ ಪಡುತ್ತಿರಲಿಲ್ಲ. ಹಳೆಯ ಸ್ಕ್ಯಾನರ್, ಹಳೆಯ ಸಾಫ್ಟ್‌ವೇರ್ 11ರಲ್ಲಿ ನಡೆಯುತ್ತಿಲ್ಲ ಅಂತಾದರೆ ಮಾತು ಬೇರೆ.

ಹಂತ 2: ಲೈಸೆನ್ಸ್ ನೋಡಿಕೊಳ್ಳಿ

ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಶನ್‌ಗೆ ಹೋದರೆ ನಿಮ್ಮದು ಹೋಮ್ ಆವೃತ್ತಿಯಾ, ಪ್ರೊ ಆವೃತ್ತಿಯಾ ತಿಳಿಯುತ್ತದೆ. ಲ್ಯಾಪ್‌ಟಾಪ್ ಜೊತೆ ಬಂದ ವಿಂಡೋಸ್ 11 ಪ್ರೊ ಲೈಸೆನ್ಸ್‌ನಲ್ಲಿ ವಿಂಡೋಸ್ 10 ಪ್ರೊಗೆ ಹಿಂದಕ್ಕೆ ಹೋಗುವ ಹಕ್ಕು ಸೇರಿದೆ. ಹೋಮ್‌ನಲ್ಲಿ ಆ ಹಕ್ಕು ಇಲ್ಲ. ಹಾಗಾಗಿ ಹೋಮ್ ಇರುವವರು ವಿಂಡೋಸ್ 10ರ ಲೈಸೆನ್ಸ್ ಬೇರೆಯೇ ಬೇಕಾಗಬಹುದು ಅಂತ ಲೆಕ್ಕ ಹಾಕಿಕೊಳ್ಳಿ.

"ಸೆಟ್ಟಿಂಗ್ಸ್‌ನಲ್ಲೇ ಗೋ ಬ್ಯಾಕ್ ಬಟನ್ ಇದೆಯಲ್ಲ?" ಅಂತ ಕೇಳಬಹುದು. ಅದು 10ರಿಂದ 11ಕ್ಕೆ ಅಪ್‌ಗ್ರೇಡ್ ಮಾಡಿದವರಿಗೆ, ಅದೂ ಮೊದಲ 10 ದಿನ ಮಾತ್ರ. ಕಂಪನಿಯಿಂದಲೇ 11 ಬಂದಿದ್ದರೆ ವಾಪಸ್ ಹೋಗಲು ಹಳೆಯದು ಅಂತ ಏನೂ ಇರುವುದಿಲ್ಲ.

ಹಂತ 3: ಫೈಲು, ಕೀ, ವಾಪಸ್ ಬರುವ ದಾರಿ

ಮೊದಲು ಸಾಮಾನು ಜೋಡಿಸಿಕೊಳ್ಳಿ: 8 ಜಿಬಿ ಅಥವಾ ಜಾಸ್ತಿಯ ಪೆನ್‌ಡ್ರೈವ್ ಒಂದು, ರಿಕವರಿಗೆ 32 ಜಿಬಿಯದ್ದು ಇನ್ನೊಂದು, ಬ್ಯಾಕಪ್‌ಗೆ ಎಕ್ಸ್‌ಟರ್ನಲ್ ಡಿಸ್ಕ್, ತಂತಿ ಇರುವ ಯುಎಸ್‌ಬಿ ಮೌಸ್, ಫೋನ್ ಮತ್ತು ಅದರ ಡೇಟಾ ಕೇಬಲ್. ಮೌಸ್ ಯಾಕೆ, ಟಚ್‌ಪ್ಯಾಡ್ ಇದೆಯಲ್ಲ ಅಂದುಕೊಳ್ಳಬೇಡಿ. 8ನೇ ಹಂತದಲ್ಲಿ ಗೊತ್ತಾಗುತ್ತದೆ.

ಫೈಲುಗಳನ್ನು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡಿ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಫೋಲ್ಡರ್‌ಗಳನ್ನೂ ನೋಡಿ. ಜನ ಮರೆಯುವುದು ಅವನ್ನೇ. ಲ್ಯಾಪ್‌ಟಾಪ್ ಜೊತೆ ಆಫೀಸ್ ಬಂದಿದ್ದರೆ ಈಗಲೇ ವರ್ಡ್ ತೆರೆದು ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಬಿಡಿ. ಜೋಡಿಸದೆ ಡಿಸ್ಕ್ ಅಳಿಸಿದರೆ ಆಮೇಲೆ ಅದನ್ನು ಪಡೆಯಲು ಒದ್ದಾಡಬೇಕಾಗುತ್ತದೆ.

ಈಗ ಎನ್‌ಕ್ರಿಪ್ಶನ್, ಅಂದರೆ ಕೀ ಇಲ್ಲದೆ ಓದಲಾಗದಂತೆ ಡಿಸ್ಕ್‌ಗೆ ಹಾಕುವ ಬೀಗ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನೀವು ಕೇಳದಿದ್ದರೂ ಡಿವೈಸ್ ಎನ್‌ಕ್ರಿಪ್ಶನ್ ಆನ್ ಆಗಿರಬಹುದು. ಬಯೋಸ್‌ನಲ್ಲಿ ಕೈಯಾಡಿಸಿದ ತಕ್ಷಣ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ನಾನೊಮ್ಮೆ ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ ಹೀಗೆ ಸಿಕ್ಕಿಹಾಕಿಕೊಂಡೆ. ಅವನ ಖಾತೆಯಲ್ಲೆಲ್ಲ ಹುಡುಕಿದರೂ ಕೀ ಇಲ್ಲ. ಎರಡು ಗಂಟೆ ಆದ ಮೇಲೆ ನೆನಪಾಯಿತು, ಡಬ್ಬದಿಂದ ತೆಗೆದ ದಿನ ಅವನ ಅಕ್ಕ ಸೆಟಪ್ ಮಾಡಿಕೊಟ್ಟಿದ್ದರು. ಕೀ ಅಕ್ಕನ ಖಾತೆಯಲ್ಲಿ ಕೂತಿತ್ತು! ಆದ್ದರಿಂದ ಮೊದಲು ಕೀ ಹುಡುಕಿ ಬರೆದಿಟ್ಟುಕೊಳ್ಳಿ. ಆಮೇಲೆ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಡಿವೈಸ್ ಎನ್‌ಕ್ರಿಪ್ಶನ್‌ಗೆ ಹೋಗಿ ಆಫ್ ಮಾಡಿ. ಪೂರ್ತಿ ಡೀಕ್ರಿಪ್ಟ್ ಆಗುವ ತನಕ ಕಾಯಿರಿ.

ಕೊನೆಯದಾಗಿ ವಾಪಸ್ ಬರುವ ದಾರಿ. ಸ್ಟಾರ್ಟ್ ಮೆನುವಿನಲ್ಲಿ "ರಿಕವರಿ ಡ್ರೈವ್" ಅಂತ ಹುಡುಕಿ, ಸಿಸ್ಟಮ್ ಫೈಲುಗಳ ಸಮೇತ 32 ಜಿಬಿ ಪೆನ್‌ಡ್ರೈವ್‌ಗೆ ಬರೆಸಿ. ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳು ರಿಕವರಿ ಪೆನ್‌ಡ್ರೈವ್ ಮಾಡಲು ತಮ್ಮದೇ ಸಾಧನ ಕೊಡುತ್ತವೆ, ಅದಾದರೆ ಇನ್ನೂ ಒಳ್ಳೆಯದು. ಇದಕ್ಕಿಂತಲೂ ನೆಮ್ಮದಿಯ ದಾರಿ ಒಂದಿದೆ. ನಿಮ್ಮ ಎಸ್‌ಎಸ್‌ಡಿ ಬಿಚ್ಚಲು ಬರುವಂಥದ್ದಾದರೆ ಅದನ್ನು ತೆಗೆದು ಎತ್ತಿಟ್ಟು, ಬೇರೆ ಎಸ್‌ಎಸ್‌ಡಿ ಹಾಕಿ ಅದರಲ್ಲಿ ವಿಂಡೋಸ್ 10 ಹಾಕಿ. ಏನೇ ಎಡವಟ್ಟಾದರೂ ಹಳೆಯದನ್ನು ಮತ್ತೆ ಸಿಕ್ಕಿಸಿದರೆ ಆಯಿತು. ಬಿಚ್ಚುವ ಮುಂಚೆ ವಾರಂಟಿ ಷರತ್ತು ಒಮ್ಮೆ ಓದಿಕೊಳ್ಳಿ.

ಹಂತ 4: ಡ್ರೈವರ್‌ಗಳನ್ನು ಈಗಲೇ ಇಳಿಸಿಕೊಳ್ಳಿ

ಸಪೋರ್ಟ್ ಪುಟದಿಂದ ಇವನ್ನು ಇಳಿಸಿ: ಚಿಪ್‌ಸೆಟ್, ಸ್ಟೋರೇಜ್, ಸೀರಿಯಲ್ ಐಓ (ಟಚ್‌ಪ್ಯಾಡ್‌ನಂಥ ಭಾಗಗಳನ್ನು ಜೋಡಿಸುವಂಥದ್ದು), ಗ್ರಾಫಿಕ್ಸ್, ವೈಫೈ, ಬ್ಲೂಟೂತ್, ಆಡಿಯೋ, ಟಚ್‌ಪ್ಯಾಡ್, ಹಾಟ್‌ಕೀ. ಎಲ್ಲವನ್ನೂ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಹೆಸರು ಹಾಕಿದ ಫೋಲ್ಡರ್‌ಗಳಲ್ಲಿ ಇಡಿ. ಬಯೋಸ್ ಅಪ್‌ಡೇಟ್ ಇದ್ದರೆ ಅದನ್ನೂ ವಿಂಡೋಸ್ 11 ಇರುವಾಗಲೇ ಮುಗಿಸಿ.

ಸ್ಟೋರೇಜ್ ಡ್ರೈವರ್ ಬಗ್ಗೆ ಸ್ವಲ್ಪ ನಿಧಾನವಾಗಿ ಓದಿ. ಇಂಟೆಲ್ 11ನೇ ತಲೆಮಾರಿನಿಂದ ಈಚೆಗೆ ತುಂಬಾ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಅನ್ನುವ ವ್ಯವಸ್ಥೆ ಆನ್ ಆಗಿ ಬರುತ್ತದೆ. ಎಸ್‌ಎಸ್‌ಡಿ ನೇರವಾಗಿ ಕಾಣಿಸದೆ ಅದರ ಹಿಂದೆ ಅಡಗಿರುತ್ತದೆ. ವಿಂಡೋಸ್ 10ರ ಇನ್‌ಸ್ಟಾಲರ್‌ನಲ್ಲಿ ಅದಕ್ಕೆ ಬೇಕಾದ ಡ್ರೈವರ್ ಇಲ್ಲ. "ಡಿಸ್ಕೇ ಕಾಣಿಸ್ತಿಲ್ಲ" ಅನ್ನುವ ಗೋಳಿನ ಮೂಲ ಇದು.

ಹಾಗಾಗಿ "ಇಂಟೆಲ್ ರಾಪಿಡ್ ಸ್ಟೋರೇಜ್" (ಆರ್‌ಎಸ್‌ಟಿ) ಡ್ರೈವರ್ ಇಳಿಸಿ. ಅದು ಇಎಕ್ಸ್‌ಇ ಫೈಲಾಗಿ ಬಂದರೆ ಹಾಗೇ ಪೆನ್‌ಡ್ರೈವ್‌ಗೆ ಹಾಕಿ ಪ್ರಯೋಜನವಿಲ್ಲ, ಇನ್‌ಸ್ಟಾಲರ್ ಅದನ್ನು ಓದುವುದಿಲ್ಲ. ಬಿಚ್ಚಿದ ಫೋಲ್ಡರ್ ಬೇಕು. ಒಳಗೆ ಐಎನ್‌ಎಫ್, ಎಸ್‌ವೈಎಸ್, ಸಿಎಟಿ ಅಂತ ಕೊನೆಯಾಗುವ ಫೈಲುಗಳು ಇರಬೇಕು. 7-ಜಿಪ್‌ನಲ್ಲಿ ಎಷ್ಟೋ ಸಲ ಬಿಚ್ಚಲು ಬರುತ್ತದೆ. ಕೆಲವು ಕಂಪನಿಗಳು "ಎಫ್6" ಅನ್ನುವ ಹೆಸರಿನಲ್ಲಿ ಬಿಚ್ಚಿದ್ದನ್ನೇ ಕೊಡುತ್ತವೆ.

ಹಂತ 5: ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡುವುದು

ಮೈಕ್ರೋಸಾಫ್ಟ್ ತಾಣದಿಂದಲೇ ವಿಂಡೋಸ್ 10ರ ಮೀಡಿಯಾ ಕ್ರಿಯೇಶನ್ ಟೂಲ್ ಇಳಿಸಿ ಓಡಿಸಿ. "ಬೇರೆ ಪಿಸಿಗೆ ಇನ್‌ಸ್ಟಾಲ್ ಮೀಡಿಯಾ" ಅನ್ನುವ ಆಯ್ಕೆ, 64 ಬಿಟ್, ಯುಎಸ್‌ಬಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಹೋಗುತ್ತದೆ. ಸಿಗುವುದು 22ಎಚ್2, ವಿಂಡೋಸ್ 10ರ ಕೊನೆಯ ಆವೃತ್ತಿ. ರೂಫಸ್ (ಇಂಥ ಪೆನ್‌ಡ್ರೈವ್ ಮಾಡುವ ಇನ್ನೊಂದು ಸಾಫ್ಟ್‌ವೇರ್) ಬಳಸುವವರು ಜಿಪಿಟಿ (ಡಿಸ್ಕನ್ನು ಭಾಗ ಮಾಡುವ ಈಗಿನ ಶೈಲಿ) ಮತ್ತು ಯುಇಎಫ್‌ಐ (ಲೆಗಸಿಯ ಬದಲು ಬಂದ ಈಗಿನ ಬೂಟ್ ವಿಧಾನ) ಆರಿಸಿ. ಯಾರೋ ಕೊಟ್ಟ, ಮೊದಲೇ ಆಕ್ಟಿವೇಟ್ ಮಾಡಿದ ಐಎಸ್‌ಓ (ಇನ್‌ಸ್ಟಾಲ್ ಮಾಡುವ ಫೈಲು) ಬೇಡ. ಒಳಗೆ ಏನಿದೆ ಅಂತ ದೇವರಿಗೇ ಗೊತ್ತು.

ಪೆನ್‌ಡ್ರೈವ್ ತಯಾರಾದ ಮೇಲೆ ಅದರಲ್ಲೇ ಒಂದು ಫೋಲ್ಡರ್ ಮಾಡಿ, ಬಿಚ್ಚಿಟ್ಟ ಸ್ಟೋರೇಜ್ ಡ್ರೈವರ್ ಮತ್ತು ವೈಫೈ ಡ್ರೈವರ್ ಹಾಕಿಡಿ.

ಹಂತ 6: ಬಯೋಸ್‌ನಲ್ಲಿ ಏನು ಮುಟ್ಟಬೇಕು, ಏನು ಮುಟ್ಟಬಾರದು

ಪೆನ್‌ಡ್ರೈವ್‌ನಿಂದ ಬೂಟ್ ಮಾಡಲು ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸೂಸ್‌ನಲ್ಲಿ ಎಸ್ಕೇಪ್ ಕೀ. ಕೀ ಒತ್ತಿದರೂ ನೇರ ವಿಂಡೋಸ್‌ಗೆ ಹೋಗುತ್ತಿದ್ದರೆ ಅದು ಫಾಸ್ಟ್ ಸ್ಟಾರ್ಟಪ್ ಕೆಲಸ. ಶಿಫ್ಟ್ ಹಿಡಿದುಕೊಂಡು ಶಟ್‌ಡೌನ್ ಕೊಡಿ, ಆಗ ಪೂರ್ತಿ ಆಫ್ ಆಗುತ್ತದೆ.

ಸೆಕ್ಯೂರ್ ಬೂಟ್ (ನಂಬಬಹುದಾದ ಸಾಫ್ಟ್‌ವೇರನ್ನು ಮಾತ್ರ ಬೂಟ್ ಆಗಲು ಬಿಡುವ ಕಾವಲು) ಆಫ್ ಮಾಡಬೇಡಿ. ಟಿಪಿಎಂ (ಎನ್‌ಕ್ರಿಪ್ಶನ್ ಕೀ ಕಾಪಾಡುವ ಚಿಪ್) ಆಫ್ ಮಾಡಬೇಡಿ. ಲೆಗಸಿ ಮೋಡ್‌ಗೆ ಹೋಗಬೇಡಿ. ಹಳೆಯ ವೀಡಿಯೋಗಳಲ್ಲಿ ಈ ಮೂರನ್ನೂ ಮಾಡಿಸುತ್ತಾರೆ, ಆದರೆ ವಿಂಡೋಸ್ 10ಕ್ಕೆ ಇದ್ಯಾವುದೂ ಬೇಕಿಲ್ಲ. ಲೆಗಸಿಯಲ್ಲಿ ಬೂಟ್ ಆದರೆ "ಈ ಡಿಸ್ಕ್ ಜಿಪಿಟಿ ಶೈಲಿಯದ್ದು, ಇದರಲ್ಲಿ ಹಾಕಲಾಗದು" ಅನ್ನುವ ತಕರಾರು ಬರುತ್ತದೆ. ಅದು ಬಂದರೆ ಡಿಸ್ಕ್ ಕೆಟ್ಟಿದೆ ಅಂತಲ್ಲ. ಹಿಂದೆ ಬಂದು ಬೂಟ್ ಮೆನುವಿನಲ್ಲಿ ಯುಇಎಫ್‌ಐ ಅಂತ ಬರೆದಿರುವ ಪೆನ್‌ಡ್ರೈವ್ ಆರಿಸಿ.

ವಿಎಂಡಿ ಆಫ್ ಮಾಡಬಹುದಾ? ಮಾಡಬಹುದು, ಆಗ ಡ್ರೈವರ್ ಇಲ್ಲದೆಯೂ ಡಿಸ್ಕ್ ಕಾಣಿಸುತ್ತದೆ. ಆದರೆ ಆಫ್ ಮಾಡಿದ ಮೇಲೆ ಈಗಿರುವ ವಿಂಡೋಸ್ 11 ಬೂಟ್ ಆಗದೇ ಹೋಗಬಹುದು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಆ ಆಯ್ಕೆಯೇ ಇಲ್ಲ. ಏಸರ್‌ನ ಹಲವು ಮಾದರಿಗಳಲ್ಲಿ ಬಯೋಸ್‌ನ ಮೇನ್ ಪುಟದಲ್ಲಿ ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದರೆ ಮಾತ್ರ ಅದು ಹೊರಬರುತ್ತದೆ. ನನ್ನ ಮಾತು ಕೇಳುವುದಾದರೆ ಬಯೋಸ್ ಇದ್ದ ಹಾಗೇ ಇರಲಿ, ಡ್ರೈವರ್ ದಾರಿ ಹಿಡಿಯಿರಿ.

ಹಂತ 7: ಇನ್‌ಸ್ಟಾಲ್

ಚಾರ್ಜರ್ ಹಾಕಿ. ಎಕ್ಸ್‌ಟರ್ನಲ್ ಡಿಸ್ಕ್ ಕಿತ್ತು ಪಕ್ಕಕ್ಕಿಡಿ. ಇದನ್ನು ಮರೆತು ಬ್ಯಾಕಪ್ ಡಿಸ್ಕ್‌ನ್ನೇ ಅಳಿಸಿದವರಿದ್ದಾರೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಭಾಷೆ ಆರಿಸಿ, "ಕಸ್ಟಮ್" ಒತ್ತಿ.

ಮುಂದಿನ ಪರದೆಯಲ್ಲಿ ಡಿಸ್ಕ್ ಪಟ್ಟಿ ಬರಬೇಕು. ಖಾಲಿ ಇದ್ದರೆ ಗಾಬರಿ ಬೇಡ:

1. "ಲೋಡ್ ಡ್ರೈವರ್" ಒತ್ತಿ, ಬ್ರೌಸ್ ಮಾಡಿ, 5ನೇ ಹಂತದಲ್ಲಿ ಹಾಕಿದ ಫೋಲ್ಡರ್ ತೋರಿಸಿ.
2. ಹೊಂದದ ಡ್ರೈವರ್‌ಗಳನ್ನು ಮರೆಮಾಡುವ ಟಿಕ್ ಗುರುತನ್ನು ತೆಗೆಯಬೇಡಿ. ಸರಿಯಾದ ಡ್ರೈವರ್ ಇದ್ದರೆ "ಆರ್‌ಎಸ್‌ಟಿ ವಿಎಂಡಿ ಕಂಟ್ರೋಲರ್" ಅನ್ನುವ ಹೆಸರು ಬರುತ್ತದೆ. ಅದರ ಪಕ್ಕದ ಸಂಖ್ಯೆ 11ನೇ ತಲೆಮಾರಿಗೆ 9ಎ0ಬಿ, 12ನೆಯದಕ್ಕೆ 467ಎಫ್.
3. ಆರಿಸಿ ನೆಕ್ಸ್ಟ್ ಕೊಡಿ. ಒಂದೆರಡು ನಿಮಿಷದಲ್ಲಿ ಡಿಸ್ಕ್ ಕಾಣಿಸುತ್ತದೆ.

ಪಟ್ಟಿ ಖಾಲಿಯೇ ಇದ್ದರೆ ಡ್ರೈವರ್ ಬೇರೆ ತಲೆಮಾರಿನದ್ದು, ಅಥವಾ ಇಎಕ್ಸ್‌ಇ ಸರಿಯಾಗಿ ಬಿಚ್ಚಿಲ್ಲ. ಇಲ್ಲಿಯ ತನಕ ನೀವು ಏನನ್ನೂ ಅಳಿಸಿಲ್ಲ. ಕ್ಯಾನ್ಸಲ್ ಮಾಡಿ ವಿಂಡೋಸ್ 11ಕ್ಕೆ ಹೋಗಿ, ಸರಿಯಾದ ಡ್ರೈವರ್ ತನ್ನಿ.

ಡಿಸ್ಕ್ ಕಾಣಿಸಿದ ಮೇಲೆ ಒಂದು ಕ್ಷಣ ಕೈ ಕಟ್ಟಿ ಕೂತು ಪಟ್ಟಿ ಓದಿ. ಡ್ರೈವ್ 0, ಡ್ರೈವ್ 1 ಅಂತ ಇರುತ್ತದೆ. ಪೆನ್‌ಡ್ರೈವ್ ಕೂಡ ಅದರಲ್ಲಿ ಒಂದು. ಗಾತ್ರ ನೋಡಿ ನಿಮ್ಮ ಎಸ್‌ಎಸ್‌ಡಿ ಯಾವುದು ಅಂತ ಗುರುತಿಸಿ. ಅದರೊಳಗೆ ಕೆಲವು ನೂರು ಎಂಬಿಯ ಸಿಸ್ಟಮ್ ಭಾಗ, 16 ಎಂಬಿಯ ಒಂದು ಪುಟ್ಟ ಭಾಗ, ದೊಡ್ಡ ಪ್ರೈಮರಿ ಭಾಗ, ಒಂದೆರಡು ರಿಕವರಿ ಭಾಗ ಇರುತ್ತವೆ. ರಿಕವರಿ ಪೆನ್‌ಡ್ರೈವ್ ಮಾಡಿದ್ದು ಖಾತ್ರಿ ಇದ್ದರೆ ಆ ಡ್ರೈವ್‌ನ ಎಲ್ಲ ಭಾಗಗಳನ್ನೂ ಡಿಲೀಟ್ ಮಾಡಿ. ಉಳಿದ "ಅನ್‌ಅಲೊಕೇಟೆಡ್" ಜಾಗವನ್ನು ಆರಿಸಿ ನೆಕ್ಸ್ಟ್ ಕೊಡಿ. ಭಾಗಗಳನ್ನು ಅದೇ ಮಾಡಿಕೊಳ್ಳುತ್ತದೆ, ನೀವು ಕೈಯಿಂದ ಮಾಡಬೇಕಿಲ್ಲ.

ಮೊದಲ ರೀಸ್ಟಾರ್ಟ್ ಆಗುವಾಗ ಪೆನ್‌ಡ್ರೈವ್ ಕೀಳಿ. ಕೀಳದಿದ್ದರೆ ಮತ್ತೆ ಭಾಷೆ ಕೇಳುವ ಪರದೆಗೇ ಬರಬಹುದು. "ಎರಡು ಸಲ ಇನ್‌ಸ್ಟಾಲ್ ಮಾಡಿದೆ, ಆಗ್ತಾನೇ ಇಲ್ಲ" ಅನ್ನುವವರಲ್ಲಿ ಅರ್ಧ ಜನ ಸಿಕ್ಕಿಬೀಳುವುದು ಇಲ್ಲೇ.

ಹಂತ 8: ಮೊದಲ ಬೂಟ್ ಮತ್ತು ಡ್ರೈವರ್‌ಗಳು

ನೆಟ್‌ವರ್ಕ್ ಕೇಳಿದಾಗ "ನನ್ನ ಬಳಿ ಇಂಟರ್ನೆಟ್ ಇಲ್ಲ" ಅನ್ನುವುದನ್ನು ಆರಿಸಿ ಮುಂದೆ ಹೋಗಿ. ವಿಂಡೋಸ್ 10ರಲ್ಲಿ ಹಾಗೆ ಇಂಟರ್ನೆಟ್ ಇಲ್ಲದೆ ಮುಂದೆ ಹೋಗುವುದು ಈಗಲೂ ಸುಲಭ.

ಡೆಸ್ಕ್‌ಟಾಪ್ ಬಂದಾಗ ಅಕ್ಷರಗಳು ದೊಡ್ಡದಾಗಿ, ಪರದೆ ಕಣ್ಣು ಕುಕ್ಕುವಷ್ಟು ಬೆಳಗಿ, ಟಚ್‌ಪ್ಯಾಡ್ ಸತ್ತಂತೆ ಇದ್ದರೆ ಅದು ಸಹಜ. ಟಚ್‌ಪ್ಯಾಡ್ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಸೀರಿಯಲ್ ಐಓ ಮೂಲಕ ಜೋಡಣೆಯಾಗಿರುತ್ತದೆ. ಆ ಡ್ರೈವರ್ ಬರುವ ತನಕ ಅದು ಇದೆ ಅನ್ನುವುದೇ ವಿಂಡೋಸ್‌ಗೆ ತಿಳಿಯದು. ಯುಎಸ್‌ಬಿ ಮೌಸ್ ಈಗ ಸಿಕ್ಕಿಸಿ.

ಡ್ರೈವರ್ ಹಾಕುವ ಕ್ರಮ: ಮೊದಲು ಚಿಪ್‌ಸೆಟ್, ಆಮೇಲೆ ಸೀರಿಯಲ್ ಐಓ, ಒಂದು ರೀಸ್ಟಾರ್ಟ್. ನಂತರ ಗ್ರಾಫಿಕ್ಸ್, ವೈಫೈ, ಆಡಿಯೋ, ಟಚ್‌ಪ್ಯಾಡ್. ಕೊನೆಗೆ ಹಾಟ್‌ಕೀ. ಚಿಪ್‌ಸೆಟ್ ಬಿಟ್ಟು ಉಳಿದದ್ದನ್ನು ಮೊದಲು ಹಾಕಿದರೆ ಕೆಲವು "ಈ ಹಾರ್ಡ್‌ವೇರ್ ಇಲ್ಲ" ಅಂತ ಹೇಳಿ ನಿಂತುಬಿಡುತ್ತವೆ.

ವೈಫೈ ಡ್ರೈವರ್ ಕೈಕೊಟ್ಟರೆ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಆಂಡ್ರಾಯ್ಡ್ ಫೋನ್‌ಗಳಿಗೆ ಬೇರೆ ಡ್ರೈವರ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಅಷ್ಟು ಇಂಟರ್ನೆಟ್ ಸಿಕ್ಕರೆ ವಿಂಡೋಸ್ ಅಪ್‌ಡೇಟ್‌ನ ಆಪ್ಷನಲ್ ಪಟ್ಟಿಯಿಂದ ಉಳಿದ ಡ್ರೈವರ್‌ಗಳು ಬರಬಹುದು.

ಆಮೇಲೆ ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ಗುರುತು ಉಳಿದಿದ್ದರೆ ಅದರ ಪ್ರಾಪರ್ಟೀಸ್‌ನ ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ನೋಡಿ. ತಯಾರಕರ ಸಂಖ್ಯೆ ಅಲ್ಲಿರುತ್ತದೆ: 8086 ಅಂದರೆ ಇಂಟೆಲ್, 10ಡಿಇ ಎನ್‌ವಿಡಿಯಾ, 1002 ಎಎಂಡಿ, 10ಇಸಿ ರಿಯಲ್‌ಟೆಕ್, 14ಸಿ3 ಮೀಡಿಯಾಟೆಕ್. "ಗೊತ್ತಿಲ್ಲದ ಸಾಧನ" ಯಾವುದು ಅಂತ ಹುಡುಕಲು ಇಷ್ಟು ಸಾಕು. ಸಿಕ್ಕಸಿಕ್ಕ ಡ್ರೈವರ್ ಹುಡುಕುವ ಸಾಫ್ಟ್‌ವೇರ್ ಹಾಕಬೇಡಿ. ಅವು ಡ್ರೈವರ್‌ಗಿಂತ ಕಸವನ್ನೇ ಜಾಸ್ತಿ ತರುತ್ತವೆ.

ಎಚ್ಚರಿಕೆಯ ಚಿಹ್ನೆಗಳು

ಬೆಳಕು ಕಡಿಮೆ ಮಾಡಲು ಆಗುತ್ತಿಲ್ಲವಾ? ಡಿವೈಸ್ ಮ್ಯಾನೇಜರ್‌ನಲ್ಲಿ "ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್" ಅಂತ ಇದ್ದರೆ ಗ್ರಾಫಿಕ್ಸ್ ಡ್ರೈವರ್ ಇನ್ನೂ ಕೂತಿಲ್ಲ. ಮುಚ್ಚಳ ಮುಚ್ಚಿ ತೆಗೆದರೆ ಏಳುತ್ತಿಲ್ಲ, ಸುಮ್ನೆ ಇಟ್ಟಾಗಲೂ ಬ್ಯಾಟರಿ ಇಳಿಯುತ್ತದೆ ಅಂದರೆ ಚಿಪ್‌ಸೆಟ್ ಅಥವಾ ಪವರ್ ಡ್ರೈವರ್ ಕಡೆ ನೋಡಿ. ಮೊದಲ ದಿನ ಫ್ಯಾನ್ ಓಡುವುದು ಅಪ್‌ಡೇಟ್‌ಗಳಿಂದ ಇರಬಹುದು. ಎರಡು ದಿನ ಕಳೆದರೂ ನಿಲ್ಲದಿದ್ದರೆ, ಡ್ರೈವರ್ ಎಲ್ಲ ಸರಿ ಇದ್ದೂ ಹೀಗಾದರೆ, ಆ ಯಂತ್ರಕ್ಕೆ ವಿಂಡೋಸ್ 10 ಒಗ್ಗುತ್ತಿಲ್ಲ ಅಂತ ಲೆಕ್ಕ. ಬಿಸಿಯಾಗುವ ಲ್ಯಾಪ್‌ಟಾಪ್ ಜೊತೆ ಹಟ ಬೇಡ.

ಹಂತ 9: ಆಕ್ಟಿವೇಶನ್, ಅಪ್‌ಡೇಟ್, ಬೀಗ

ಇಂಟರ್ನೆಟ್ ಬಂದ ಮೇಲೆ ಅಪ್‌ಡೇಟ್ ಅಂಡ್ ಸೆಕ್ಯುರಿಟಿ, ಆಕ್ಟಿವೇಶನ್ ನೋಡಿ. ಆಗಿಲ್ಲದಿದ್ದರೆ ಮೊದಲು ಆವೃತ್ತಿ ಹೋಲಿಸಿ. ಪ್ರೊ ಲೈಸೆನ್ಸ್ ಇಟ್ಟುಕೊಂಡು ಹೋಮ್ ಹಾಕಿರುವುದು, ಇಲ್ಲವೇ ಹೋಮ್ ಇಟ್ಟುಕೊಂಡು ಪ್ರೊ ಹಾಕಿರುವುದು ಸಾಮಾನ್ಯ ತಪ್ಪು.

ಇಎಸ್‌ಯು ಸೇರಲು ಮೈಕ್ರೋಸಾಫ್ಟ್ ಖಾತೆ ಬೇಕು, 22ಎಚ್2 ಇರಬೇಕು. ಎಲ್ಲ ಅಪ್‌ಡೇಟ್ ಮುಗಿದ ಮೇಲೆ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಅದರ ಕೊಂಡಿ ಕಾಣಿಸುತ್ತದೆ. ಅದೇ ಪುಟದಲ್ಲಿ ವಿಂಡೋಸ್ 11ಕ್ಕೆ ಬನ್ನಿ ಅಂತ ಕರೆಯೂ ಬರುತ್ತದೆ. "ಸದ್ಯಕ್ಕೆ ವಿಂಡೋಸ್ 10ರಲ್ಲೇ ಇರುತ್ತೇನೆ" ಅನ್ನುವುದನ್ನು ಒತ್ತಿ. ಇಷ್ಟೆಲ್ಲ ಮಾಡಿ ಕೊನೆಗೆ ಕೈತಪ್ಪಿ 11ಕ್ಕೆ ಅಪ್‌ಗ್ರೇಡ್ ಕೊಟ್ಟವರನ್ನು ನೋಡಿದ್ದೇನೆ, ಅದಕ್ಕೆ ಹೇಳಿದೆ. ಎಲ್ಲ ಸರಿಯಾಗಿ ಒಂದು ವಾರ ನಡೆದ ಮೇಲೆ ಎನ್‌ಕ್ರಿಪ್ಶನ್ ಮತ್ತೆ ಆನ್ ಮಾಡಿ, ಹೊಸ ಕೀ ಬರೆದಿಡಿ. ಹಳೆಯ ಕೀ ಇನ್ನು ಕೆಲಸಕ್ಕೆ ಬಾರದು.

ವಿಂಡೋಸ್ 11ಕ್ಕೆ ವಾಪಸ್ ಹೋಗಬೇಕಾದರೆ

ರಿಕವರಿ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಪರದೆ ಹೇಳಿದಂತೆ ಹೋಗಿ. 6ನೇ ಹಂತದಲ್ಲಿ ವಿಎಂಡಿ ಆಫ್ ಮಾಡಿದ್ದರೆ ಮೊದಲು ಅದನ್ನು ಆನ್ ಮಾಡಿ, ಬಯೋಸ್ ಕಾರ್ಖಾನೆಯಿಂದ ಬಂದಾಗ ಇದ್ದಂತೆಯೇ ಇರಲಿ. ಲೈಸೆನ್ಸ್ ಕೀ ಲ್ಯಾಪ್‌ಟಾಪ್‌ನ ಬಯೋಸ್‌ನಲ್ಲೇ ಇರುತ್ತದೆ, ಹಾಗಾಗಿ ಕೀ ಹುಡುಕುವ ಕೆಲಸ ಇಲ್ಲ. ಆ 32 ಜಿಬಿ ಪೆನ್‌ಡ್ರೈವ್ ಮೇಲೆ ಲ್ಯಾಪ್‌ಟಾಪ್‌ನ ಹೆಸರು ಬರೆದು ಚೀಟಿ ಅಂಟಿಸಿಡಿ. ಇಲ್ಲದಿದ್ದರೆ ಮುಂದಿನ ತಿಂಗಳು ಯಾರೋ ಸಿನಿಮಾ ಹಾಕಿಕೊಳ್ಳೋಕೆ ಅಂತ ಅದನ್ನೇ ಫಾರ್ಮ್ಯಾಟ್ ಹೊಡೆಯುತ್ತಾರೆ.